ಐದು ಮಂದಿಯ ಊರು

ಏಳು ಊರು ಕಟ್ಟಿ ಏಳನ್ನೂ ಮಣ್ಣು ಮಾಡಿದ ಗಂಡಸು ಇಡೀ ಬೆಳಗಾವಿಯಲ್ಲಿ ನಾನೊಬ್ಬನೇ. ಕೋಟೆ ಕಟ್ಟಿಸಿದ ರಾಜರು ಒಂದು ಗೋಡೆ ಎಬ್ಬಿಸಲಿಕ್ಕೆ ಜನ್ಮ ಸವೆಸಿದರು. ನಾನು ಮಧ್ಯಾಹ್ನದ ಚಹಾಕ್ಕೂ ಸಂಜೆಯ ಚಹಾಕ್ಕೂ ನಡುವೆ ಎರಡು ಊರು ಕಟ್ಟಿ, ಎರಡರಲ್ಲೂ ಒಬ್ಬರೂ ಉಳಿಯದಂತೆ ನೋಡಿಕೊಂಡು, ಕೈ ತೊಳೆದು ಅವಲಕ್ಕಿ ತಿನ್ನಲು ಕೂಡುತ್ತಿದ್ದೆ. ಕಂಪ್ಯೂಟರಿನಲ್ಲಿ, ಮತ್ತೆ. ನೀವು ಏನೇನೋ ತಿಳಿದುಕೊಳ್ಳಬೇಡಿ.

ನಾನು ನಾಗಲಿಂಗ. ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಹೆಸರಿಗೆ ಅಟೆಂಡರ್. ಪ್ರಿನ್ಸಿಪಾಲರು ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಬೆರಳಿಟ್ಟು ತೋರಿಸುವವನು ನಾನು. ಅಂದಮೇಲೆ ಕಾಲೇಜು ಯಾರು ನಡೆಸುತ್ತಾರೆ, ನೀವೇ ಹೇಳಿ. ಸಾಂಬ್ರಾಕ್ಕೆ ಇಳಿಯುವ ವಿಮಾನ ಅನಗೋಳದ ನಮ್ಮ ಮನೆಯ ಮೇಲೆ ಬಂದಾಗ ಒಂದು ರೆಕ್ಕೆ ಬಗ್ಗಿಸಿಯೇ ಹೋಗುತ್ತದೆ. ನನ್ನ ಹೆಂಡತಿ ಪ್ರಮಿಳಾ ಇದನ್ನು ನಂಬುವುದಿಲ್ಲ. ಅವಳು ಏನನ್ನೂ ನಂಬುವುದಿಲ್ಲ. ನಾನು ಹತ್ತು ಅಂದರೆ ಒಂದು ಅಂತ ಹಿಡಿಯುತ್ತಾಳೆ, ಆ ಒಂದನ್ನೂ ಒಮ್ಮೆ ತಿರುವಿ ನೋಡುತ್ತಾಳೆ.

ಕಂಪ್ಯೂಟರು ಮನೆಗೆ ಬಂದದ್ದು ನನ್ನ ತಮ್ಮ ಬೀರೇಶನ ಸಲುವಾಗಿ. ಅವನು ಕುರಿ ಕಾಯುವವನು. ನಮ್ಮ ಮನೆತನವೇ ಕುರಿಯದು. ಸಾಲಿ ಕಲಿತು ಸಂಬಳಕ್ಕೆ ಬಂದವನು ನಾನು, ಹಿಂಡು ಹಿಡಿದು ಖಾನಾಪುರ ಸೀಮೆಯಲ್ಲಿ ಉಳಿದವನು ಅವನು. ಗುಂಜಿಯ ಆಚೆ, ಕಾಡಿನ ಅಂಚಿಗೆ ಅವನ ಹಟ್ಟಿ. ಅಲ್ಲಿಯ ಮಳೆಗೆ ಕುರಿ ಬದುಕುವುದಿಲ್ಲ. ಅದಕ್ಕೇ ಮುಂಗಾರು ಹಿಡಿಯುವ ಮೊದಲು ಎಲ್ಲರೂ ಹಿಂಡು ಹೊಡೆದುಕೊಂಡು ಮೂಡಣ ಸೀಮೆಗೆ ಹೋಗುತ್ತಾರೆ, ದೀಪಾವಳಿ ಕಳೆದ ಮೇಲೆ ತಿರುಗಿ ಬರುತ್ತಾರೆ. ಈ ವರ್ಷ ಹೊರಡಲು ನಾಲ್ಕು ದಿನ ಇತ್ತು, ಬೀರೇಶ ಒಂದು ಮರಿಯ ಹಿಂದೆ ಇಳಿಜಾರಿನಲ್ಲಿ ಓಡಿ ಬಿದ್ದ. ತೊಡೆ ಮುರಿಯಿತು. ಬೆಳಗಾವಿಯ ದವಾಖಾನೆಯಲ್ಲಿ ರಾಡು ಹಾಕಿದರು. ಡಾಕ್ಟರು ಆರು ತಿಂಗಳು ಗುಡ್ಡ ಹತ್ತಬೇಡ ಅಂದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಹಿಂಡನ್ನು ಆಗ ನಮ್ಮ ಸಾತಪ್ಪ ಕಾಕಾ ತನ್ನ ಕುರಿಯ ಜೊತೆ ಸೇರಿಸಿಕೊಂಡು ಹೊರಟಿದ್ದ. ಸಾಂಬ್ರಾದ ಬಯಲಿನಲ್ಲಿ ಎರಡು ದಿನ ತಂಗಿದ್ದಾಗ ನಾನು ಅವನನ್ನು ನೋಡಲು ಹೋದೆ. ಬೀರ್ಯಾನ ಕಾಲು ಹೆಂಗೈತಿ ಅಂತ ಕೇಳಿದ. ಆರು ತಿಂಗಳು ಅನ್ನುವುದು ನನ್ನ ಬಾಯಲ್ಲಿ ನಿಲ್ಲುವ ಮಾತಲ್ಲ. ಡಾಕ್ಟರು ಕೈ ಚೆಲ್ಲಿದರು, ತೊಡೆ ಹುಡಿಹುಡಿ ಆಗಿದೆ, ಒಳಗೆ ಮೊಳದುದ್ದ ಕಬ್ಬಿಣ ಹಾಕಿದ್ದಾರೆ, ಇನ್ನು ಈ ಜನ್ಮದಲ್ಲಿ ಅವನು ಕುರಿಯ ಹಿಂದೆ ನಡೆಯುವುದಿಲ್ಲ ಅಂದುಬಿಟ್ಟೆ. ಕಾಕಾ ಹಿಂಡಿನ ಕಡೆ ತಿರುಗಿ ನೋಡಿ, ಒಂದು ಹಂಗಾಮು ಅಂದರೆ ನೋಡಿಕೊಂಡೇನು, ಜನ್ಮದ ಮಾತಾದರೆ ನನ್ನಿಂದ ಹೇಗೆ ಆದೀತು ಅಂದ. ಹಾಗಾದರೆ ಮಾರೋಣ ಅಂದೆ. ನಮ್ಮ ಕಾಲೇಜಿನ ಗೇಟಿಗೆ ಬೀರೇಶನನ್ನು ವಾಚಮನ್ ಮಾಡುತ್ತೇನೆ ಅಂತ ನಾನು ಆಗಲೇ ಊರೆಲ್ಲ ಸಾರಿ ಬಂದಿದ್ದೆ. ತಮ್ಮನನ್ನು ಕಾಡಿನಿಂದ ಎತ್ತಿ ತಂದು ಪ್ಯಾಂಟು ತೊಡಿಸಿದ ಅಂತ ಹಟ್ಟಿಯವರು ನನ್ನ ಹೆಸರು ಹೇಳುವುದನ್ನು ಕಿವಿಯಾರೆ ಕೇಳಿದಂತೆಯೇ ಆಗಿತ್ತು. ಮರುದಿನ ವ್ಯಾಪಾರಿಯ ಗಾಡಿ ಬಂತು. ದುಡ್ಡು ಬೀರೇಶನ ಹೆಸರಿಗೇ ಬ್ಯಾಂಕಿನಲ್ಲಿ ಹಾಕಿದೆ, ಒಂದು ಪೈಸೆ ಮುಟ್ಟಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಬೀರೇಶನಿಗೆ ಮಾತ್ರ, ಹಿಂಡು ಕಾಕಾನ ಜೊತೆ ಮೂಡಣಕ್ಕೆ ಹೋಗಿದೆ, ಅಲ್ಲಿ ಫೋನಿಗೆ ರೇಂಜ್ ಸಿಗುವುದಿಲ್ಲ ಅಂತ ಹೇಳಿದೆ. ಅವನ ಫೋನು ಬಿದ್ದಾಗಲೇ ಒಡೆದಿತ್ತು. ನನಗೆ ಅನುಕೂಲವಾಯಿತು.

ಅವನು ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ದಿನಾ ಮುಂಜಾನೆ ಅದೊಂದೇ ಕೇಳುತ್ತಿದ್ದ, ಕಾಕಾ ಫೋನ್ ಮಾಡಿದ್ದನಾ ಅಂತ. ನಾನು ದಿನಾ ಒಂದೊಂದು ಹೇಳಿದೆ. ಮರಿ ದಷ್ಟಪುಷ್ಟವಾಗಿವೆ, ಅಲ್ಲಿಯ ಹುಲ್ಲು ಆಳೆತ್ತರ, ಕುರಿ ಕಾಣುವುದೇ ಇಲ್ಲ, ಬರೇ ಹುಲ್ಲು ಅಲ್ಲಾಡುತ್ತದೆ. ಪ್ರಮಿಳಾ ಒಳಗಿನಿಂದ ಪಾತ್ರೆ ಸದ್ದು ಮಾಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು. ಹೇಳುತ್ತೀರೋ ಇಲ್ಲ ನಾನೇ ಹೇಳಲೋ ಅಂತ ಎರಡು ಸಲ ಕೇಳಿದ್ದಳು. ದೀಪಾವಳಿ ತನಕ ತಡಿ, ಅಷ್ಟರಲ್ಲಿ ಅವನಿಗೆ ಊರು ರೂಢಿಯಾಗುತ್ತದೆ ಅಂದೆ.

ರೂಢಿ ಮಾಡಿಸಲಿಕ್ಕೇ ಆಟ ತಂದದ್ದು. ನಮ್ಮ ಲ್ಯಾಬಿನ ಪೂರ್ವಾ ಮೇಡಂ ಶಹಾಪುರದವರು, ಮನೆಯಲ್ಲಿ ಮರಾಠಿ, ನನ್ನ ಜೊತೆ ಅಚ್ಚ ಕನ್ನಡ. ಅವರ ಹಳೆಯ ಕಂಪ್ಯೂಟರನ್ನು ಕೇಳಿ ತಂದೆ. ಅದರಲ್ಲಿ ಅವರೇ ಆಡುತ್ತಿದ್ದ ಊರು ಕಟ್ಟುವ ಆಟವಿತ್ತು. ಐದು ಮಂದಿ, ಒಂದು ಚಕ್ಕಡಿ, ಎರಡು ಕೊಡಲಿ, ಒಂದು ಗುದ್ದಲಿ, ಹದಿನೈದು ದಿನದ ಕಾಳು, ನಾಲ್ಕು ಕುರಿ. ಇಷ್ಟನ್ನು ಯಾವುದೋ ಕಾಡಿನ ಅಂಚಿಗೆ ಇಳಿಸಿ ಆಟ ಸುಮ್ಮನಾಗುತ್ತದೆ. ಮುಂದೆ ನೀವು, ನಿಮ್ಮ ಚಳಿಗಾಲ. ಯಾರನ್ನೂ ಕೈ ಹಿಡಿದು ನಡೆಸುವ ಹಾಗಿಲ್ಲ. ಈ ಮರ ಕಡಿಯಬೇಕು ಅಂತ ಗುರುತು ಹಾಕಬೇಕು, ಇಲ್ಲಿ ಕಣಜ ಅಂತ ಗೆರೆ ಎಳೆಯಬೇಕು, ಯಾರು ಯಾವ ಕೆಲಸ ಮೊದಲು ಮಾಡಬೇಕು ಅಂತ ಒಂದು ದೊಡ್ಡ ಪಟ್ಟಿ ತುಂಬಬೇಕು. ಉಳಿದದ್ದು ಅವರ ಮರ್ಜಿ. ಅವರಿಗೆ ಸಿಟ್ಟು ಬರುತ್ತದೆ, ಬೇಸರ ಬರುತ್ತದೆ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಪರದೆಯ ಮೇಲೆ ಗುಂಡಿಗಳು ಎಷ್ಟು ಅಂತೀರಿ, ವಿಮಾನ ನಡೆಸುವವನೂ ಅಷ್ಟು ಗುಂಡಿ ಕಂಡಿರಲಿಕ್ಕಿಲ್ಲ.

ಪೂರ್ವಾ ಮೇಡಂ ಮೂರು ಮಾತು ಹೇಳಿಕೊಟ್ಟಿದ್ದರು. ಆಟ ಶುರುವಾಗುತ್ತಲೇ ಮೊದಲು ಕಾಲ ನಿಲ್ಲಿಸಬೇಕು, ನಿಲ್ಲಿಸಿ ಸುತ್ತ ನೋಡಬೇಕು. ಎರಡನೆಯದು, ಮೊದಲು ಅನ್ನ, ಆಮೇಲೆ ಸೂರು, ಉಳಿದದ್ದೆಲ್ಲ ಆಮೇಲೆ. ಮೂರನೆಯದು, ಮೊದಲ ಹತ್ತು ಊರು ಸತ್ತೇ ಸಾಯುತ್ತವೆ, ಬೇಜಾರಾಗಬಾರದು. ಹತ್ತು ಊರು ಸಾಯುವುದು ಬೇರೆಯವರಿಗೆ, ನಾಗಲಿಂಗನಿಗಲ್ಲ ಅಂದುಕೊಂಡು ತಮ್ಮನನ್ನು ಬಾಜೂಕ್ಕೆ ಕೂಡಿಸಿಕೊಂಡು ಗುಂಡಿ ಒತ್ತಿದೆ. ಹನ್ನೊಂದು ನಿಮಿಷದಲ್ಲಿ ಐದೂ ಮಂದಿ ಸತ್ತರು. ಕಾಲ ನಿಲ್ಲಿಸುವುದನ್ನು ಮರೆತಿದ್ದೆ. ನಾನು ಬೀರೇಶನಿಗೆ ಆಟದ ಬಗ್ಗೆ ಭಾಷಣ ಮಾಡುತ್ತಿರುವಾಗ ಅವರು ಚಕ್ಕಡಿಯ ಸುತ್ತ ನಿಂತೇ ಇದ್ದರು. ತೋಳ ಬಂದಾಗಲೂ ನಿಂತೇ ಇದ್ದರಂತೆ, ನಾನು ನೋಡಲಿಲ್ಲ.

ಎರಡನೆಯದು ಮಾತ್ರ ನಮ್ಮಂಥವರ ಕೈಯಲ್ಲೇ ಸಾಯಬೇಕಾದ ಊರು. ನಮ್ಮಲ್ಲಿ ಹೊಲ ಉಳುವ ಪದ್ಧತಿ ಇಲ್ಲ. ರೈತನ ಹೊಲದಲ್ಲಿ ರಾತ್ರಿ ಹಿಂಡು ತರುಬಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಬೆಳಗಾದರೆ ರೈತ ತಾನೇ ಜೋಳ ಅಳೆದು ಕೊಡುತ್ತಾನೆ. ಅಜ್ಜ ಮುತ್ತಜ್ಜರಿಂದ ಹೀಗೇ ಉಂಡವರು ನಾವು. ಹಾಗಾಗಿ ಆಟದಲ್ಲಿಯೂ ನಾನು ಕಾಳಿನ ಚಿಂತೆ ಮಾಡಲಿಲ್ಲ. ಒಂದು ಒಳ್ಳೆಯ ಬಯಲು ನೋಡಿ ನಾಲ್ಕು ಕುರಿಯನ್ನು ತರುಬಿದೆ, ಐದೂ ಮಂದಿಯನ್ನು ಬೇಲಿ ಹೆಣೆಯಲು ಹಚ್ಚಿದೆ, ಜೋಳ ಬರುವ ದಾರಿ ಕಾಯುತ್ತ ಕೂತೆ. ಬೀರೇಶನೂ ತಲೆಯಾಡಿಸಿದ, ಜಾಗ ಛಲೋ ಐತಿ ಅಂದ. ಗೊಬ್ಬರ ಬಿತ್ತು, ಹುಲ್ಲು ಮೊಳಕಾಲುದ್ದ ಬೆಳೆಯಿತು, ಹಿಮ ಬಿತ್ತು. ರೈತ ಬರಲಿಲ್ಲ. ಮರುದಿನ ಪೂರ್ವಾ ಮೇಡಂ ಇದನ್ನು ಕೇಳಿ ಕುರ್ಚಿಯಿಂದ ಬೀಳುವಷ್ಟು ನಕ್ಕರು. ‘ಅಹೋ ಮಾಮಾ, ಆ ದೇಶದಾಗ ಇರೋದ ಐದು ಮಂದಿ. ರೈತ ಎಲ್ಲಿಂದ ಬರ್ತಾನ?’

ಮೂರನೆಯದರಲ್ಲಿ ಒಬ್ಬನಿಗೆ ನನ್ನ ಹೆಸರಿಟ್ಟು ಗೌಡನನ್ನು ಮಾಡಿದೆ. ಗೌಡನಿಗೆ ಪಟ್ಟಿಯಲ್ಲಿ ಒಂದೂ ಕೆಲಸ ಇಡಲಿಲ್ಲ. ಉಳಿದ ನಾಲ್ವರಿಗೆ ಎಲ್ಲವನ್ನೂ ಇಟ್ಟೆ. ಕಲ್ಲಿನ ಕುರ್ಚಿ ಮಾಡಿಸಿದೆ. ಸೂರಿಗಿಂತ ಮೊದಲು ಕುರ್ಚಿ. ನಾಲ್ವರು ಸೇರಿ ಗೌಡನನ್ನು ಬಾವಿಗೆ ನೂಕಿದರು. ಪ್ರಮಿಳಾ ಹಿಂದೆ ನಿಂತು ನೋಡುತ್ತಿದ್ದಳು.

‘ಆಟದೊಳಗಿನ ಮಂದಿಗೂ ನಿಮ್ಮ ಗುಣ ಗೊತ್ತಾತಲ್ರಿ,’ ಅಂದಳು.

ಏಳನೆಯ ಊರು ಸತ್ತ ದಿನ ನಾನು ಮೌಸನ್ನು ಬೀರೇಶನ ಕಡೆ ಸರಿಸಿ, ಬಾ, ನಿನಗೂ ರಾಜ್ಯಭಾರ ಕಲಿಸುತ್ತೇನೆ ಅಂದೆ. ಅವನು ಕಾಲ ನಿಲ್ಲಿಸಿದ. ನಿಲ್ಲಿಸಿ, ನಂಬಿದರೆ ನಂಬಿ, ಒಂದು ತಾಸು ಸುಮ್ಮನೆ ಕೂತ. ಸರಿ, ಹತ್ತು ನಿಮಿಷ. ಐದೂ ಮಂದಿಯ ಮೇಲೆ ಒಬ್ಬೊಬ್ಬರಾಗಿ ಒತ್ತಿ, ಅವರ ಬಗ್ಗೆ ಬರೆದದ್ದನ್ನೆಲ್ಲ ನನ್ನಿಂದ ಓದಿಸಿದ. ಇಂಗ್ಲಿಷ್ ಅಕ್ಷರ ಅವನಿಗೆ ನಿಧಾನ. ಒಬ್ಬಳಿಗೆ ಕತ್ತಲೆಂದರೆ ಭಯ, ಗಣಿಗೆ ಬೇಡ. ಒಬ್ಬ ಮಾತಾಡುವುದಿಲ್ಲ, ಕಾಡಿಗೆ ಸರಿ. ಒಬ್ಬನಿಗೆ ತಂಗಿ ಸತ್ತ ದುಃಖವಿದೆ, ಅಡಿಗೆಗೆ ಇಡು, ನಾಲ್ಕು ಮಂದಿಯ ನಡುವೆ ಇರಲಿ. ಮಂದಿಯ ಮಾರಿ ನೋಡದೆ ಕೆಲಸ ಹೇಳಬಾರದು ಅಂದ. ಇಪ್ಪತ್ತೆರಡು ವರ್ಷ ಕಾಲೇಜು ನಡೆಸಿದವನಿಗೆ ಕುರಿ ಕಾಯುವವನು ಹೇಳುವ ಮಾತೇ? ಆದರೆ ಅವನ ಊರು ಚಳಿಗಾಲ ದಾಟಿತು.

ಎರಡನೆಯ ಚಳಿಗಾಲವನ್ನೂ ದಾಟಿತು. ಐದು ಮಂದಿ ಹದಿನಾಲ್ಕಾದರು, ಕುರಿ ಹಿಂಡಾಯಿತು. ಆ ಆಟದಲ್ಲಿ ಪ್ರತಿ ಕುರಿಗೂ ಬೇರೆ ಬಣ್ಣ, ಬೇರೆ ಗುಣ. ಬೀರೇಶ ಅವಕ್ಕೆ ತನ್ನ ಹಿಂಡಿನ ಹೆಸರುಗಳನ್ನೇ ಇಟ್ಟ. ಕಪ್ಪಿ, ಬಿಳಿಹಣಿ, ಕುಂಟಮರಿ. ಒಂದು ಕಿವಿ ತುಂಡಾಗಿದ್ದ ಹಠಮಾರಿ ಟಗರಿಗೆ ಮೋಟಗಿವಿ. ಪರದೆಯ ಮೂಲೆಯಲ್ಲಿ ಕುರಿಯ ಸಂಖ್ಯೆ ಬರೆದಿರುತ್ತಿತ್ತು. ಅದನ್ನು ನೋಡಿದ ಮೊದಲ ದಿನವೇ ಅವನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಮುಖ ನೋಡುತ್ತಾರೆ, ಯಾವ ಮುಖ ಬರಲಿಲ್ಲವೋ ಅದನ್ನು ಹುಡುಕಲು ಹೋಗುತ್ತಾರೆ. ಪ್ರಮಿಳಾ ಕನ್ನಡಿಗೆ ಅಂಟಿಸಿದ್ದ ಹಣೆಯ ಟಿಕಳಿಯೊಂದನ್ನು ಕಿತ್ತು ತಂದು, ಆ ಸಂಖ್ಯೆಯ ಮೇಲೆ ಹಚ್ಚಿ ಮುಚ್ಚಿದ. ಆಮೇಲೆ ಹಾಯಾಗಿ ಕೂತ. ಅವನು ನಗುವುದನ್ನು ನಾನು ಆ ವಾರವೇ ಕಂಡದ್ದು. ದೀಪಾವಳಿ ಕಳೆದರೆ ಮೋಟಗಿವಿಗೆ ಒಂದು ಹೊಸ ಗಂಟೆ ಒಯ್ಯಬೇಕು ಅಂದ. ಆಟದ್ದಕ್ಕಲ್ಲ.

ಅಕ್ಟೋಬರಿನ ಎರಡನೇ ಶನಿವಾರ ಪ್ರಮಿಳಾ ಅವನನ್ನು ದವಾಖಾನೆಗೆ ತೋರಿಸಲು ಕರೆದುಕೊಂಡು ಹೋದಳು. ನನಗೆ ರಜೆ. ಮನೆಯಲ್ಲಿ ಒಬ್ಬನೇ. ತಮ್ಮನ ಊರಿಗೆ ಅಣ್ಣನ ಕೈಯಿಂದಲೂ ಒಂದು ಉಪಕಾರವಾಗಲಿ ಅಂತ ಆಟ ತೆರೆದೆ. ಅದೇ ಹೊತ್ತಿಗೆ ಊರಿಗೆ ವ್ಯಾಪಾರಿಗಳ ತಂಡ ಬಂತು, ಹೇಸರಗತ್ತೆಗಳ ಮೇಲೆ ಮೂಟೆ ಹೇರಿಕೊಂಡು. ಅವರ ಹತ್ತಿರ ಬೆಳ್ಳಿಯ ಸಿಂಹಾಸನವಿತ್ತು. ಬದಲಿಗೆ ಏನು ಕೊಡುತ್ತೀ ಅಂತ ಒಂದು ಪಟ್ಟಿ ತೆರೆಯಿತು. ಕುರಿಗಳ ಹೆಸರಿನ ಮುಂದೆ ಒಂದೊಂದೇ ಗುರುತು ಹಾಕಿದೆ. ಎಲ್ಲವಕ್ಕೂ. ಕೈ ಅಭ್ಯಾಸ ಆಗಿತ್ತು ಅಂತ ಕಾಣುತ್ತದೆ.

ಅವರು ತಿರುಗಿ ಬಂದಾಗ ಸಂಜೆ ನಾಲ್ಕು. ಬೀರೇಶ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದ, ಊರದೆ. ಡಾಕ್ಟರು ಎಲುಬು ಕೂಡಿದೆ ಅಂದರಂತೆ. ಹಬ್ಬ ಆಗಲಿ, ಗುಡ್ಡ ಹತ್ತು ಅಂದರಂತೆ. ಕಾಕಾ ಬರೋದ್ರಾಗ ನಾ ಹಟ್ಟ್ಯಾಗ ಇರತೀನಿ ಅನ್ನುತ್ತ ಕುರ್ಚಿಗೆ ಕೂತ. ಪರದೆ ನೋಡಿದ. ಹಟ್ಟಿಯಲ್ಲಿ ಏನೂ ಇರಲಿಲ್ಲ. ನಡುವೆ ಸಿಂಹಾಸನ ಹೊಳೆಯುತ್ತಿತ್ತು.

ನಾನು ಸುಮ್ಮನಿರಬೇಕಿತ್ತು. ಅವನು ಏನೂ ಕೇಳಿರಲಿಲ್ಲ. ಆದರೆ ಅಂಥ ವ್ಯಾಪಾರ ಮಾಡಿದವನಿಗೆ ಬಾಯಿ ಮುಚ್ಚಿಕೊಂಡು ಕೂಡಲು ಆಗುತ್ತದೆಯೇ? ಇಂಥ ಕುರಿ ಮೂರು ಜಿಲ್ಲೆಯಲ್ಲಿ ಕಂಡಿಲ್ಲ ಅಂತ ವ್ಯಾಪಾರಿ ಹಲ್ಲುಗಿಂಜಿದ್ದು, ನಾನು ಎದ್ದು ಹೊರಟಂತೆ ಮಾಡಿದ್ದು, ಅವನು ಬೆನ್ನು ಹತ್ತಿ ಬಂದು ನನ್ನ ಕೈ ಹಿಡಿದದ್ದು, ಎಲ್ಲ ಹೇಳಿದೆ. ಆಟದ ವ್ಯಾಪಾರಿ ಮಾತಾಡುವುದೇ ಇಲ್ಲ ಅನ್ನುವುದು ನನಗೆ ನೆನಪೇ ಆಗಲಿಲ್ಲ. ಬಾಯಿ ತಾನೇ ಓಡುತ್ತಿತ್ತು.

‘ಮೋಟಗಿವಿ ಒಂದ ಬಾಳ ಕಾಡಿತು ನೋಡು,’ ಅಂದೆ. ‘ಗಾಡಿ ಹತ್ತವಲ್ಲದು. ಮುಂಗಾಲು ಊರಿ ಕುಂತಬಿಟ್ಟಿತು. ನಾಕು ಮಂದಿ ಹಿಂಗಾಲು ಹಿಡದು ಎತ್ತಿ ಒಗೀಬೇಕಾತು. ಅದು ಒದರಿದ್ದ ಕೇಳಿ, ಒಳಗ ಇದ್ದಾವೂ ಒದರಾಕ ಹತ್ತಿದವು.’

ನಾಲ್ಕು ಮಂದಿ ಅಲ್ಲ, ಇಬ್ಬರು. ಆ ಇಬ್ಬರಲ್ಲಿ ಒಬ್ಬ ನಾನು.

ಬೀರೇಶ ಪರದೆಯಿಂದ ಕಣ್ಣು ತೆಗೆಯಲಿಲ್ಲ.

‘ಆಟದಾಗ ಗಾಡಿ ಇಲ್ಲಣ್ಣ,’ ಅಂದ. ‘ಹೇಸರಗತ್ತಿ ಬರ್ತಾವು.’

ನಾನು ನಗಲು ನೋಡಿದೆ. ಅದು ಹಾಗಲ್ಲ, ಮಾತಿಗೆ ಅಂದೆ, ಈಗಿನ ಆಟದಲ್ಲಿ ಗಾಡಿಯೂ ಬರುತ್ತದೆ, ಪೂರ್ವಾ ಮೇಡಂ ಹೊಸದು ಹಾಕಿಕೊಟ್ಟಿದ್ದಾರೆ ಅಂತ ಏನೇನೋ ಅಂದೆ. ಅವನು ತಡೆಯಲಿಲ್ಲ, ನಾನು ಮುಗಿಸುವ ತನಕ ಕಾದ.

‘ಮೋಟಗಿವಿ ಎಲ್ಲಿ ಕುಂತಿತ್ತು?’ ಅಂತ ಕೇಳಿದ.

ಪ್ರಮಿಳಾ ಅಡಿಗೆಮನೆಯ ಬಾಗಿಲಲ್ಲಿದ್ದಳು. ಅವಳು ತನ್ನ ಫೋನು ತೆಗೆದು, ನಂಬರು ಒತ್ತಿ, ರಿಂಗಾಗುವುದನ್ನು ಕೇಳಿಸಿಕೊಂಡು ಬೀರೇಶನ ಕೈಗೆ ಕೊಟ್ಟಳು. ಮೂಡಣ ಸೀಮೆಯಲ್ಲಿ ರೇಂಜ್ ಚೆನ್ನಾಗಿಯೇ ಇತ್ತು. ಸಾತಪ್ಪ ಕಾಕಾ ಜೋರು ದನಿಯವನು, ಫೋನು ಕಿವಿಗಿಟ್ಟರೂ ಮನೆಯೆಲ್ಲ ಕೇಳುತ್ತಿತ್ತು. ಕಾಲು ಹೆಂಗೈತೋ ಅಂದ. ನಡಿಯಾಕ ಹತ್ತೇನಿ ಕಾಕಾ, ಹಬ್ಬಾದ ಮ್ಯಾಲ ಗುಡ್ಡ ಹತ್ತು ಅಂದಾರ ಅಂದ ಬೀರೇಶ. ಆ ಕಡೆ ಕುರಿಗಳ ಕೊರಳ ಗಂಟೆ ಕೇಳುತ್ತಿತ್ತು.

‘ನಿಮ್ಮಣ್ಣ ಜನ್ಮಾಪರಿ ಕಾಲು ಹೋತು ಅಂದನಲ್ಲೋ,’ ಅಂದ ಕಾಕಾ. ‘ಆರು ತಿಂಗಳಂದಿದ್ರ ನಾ ಮಾರಾಕ ಬಿಡತಿದ್ನೇನು?’

ಬೀರೇಶ ಫೋನನ್ನು ಪ್ರಮಿಳಾಗೆ ತಿರುಗಿ ಕೊಟ್ಟ. ಬೈಯಲಿಲ್ಲ. ಕೋಲು ಅವನ ಕೈಯಲ್ಲೇ ಇತ್ತು, ಎತ್ತಲೂ ಇಲ್ಲ. ಎತ್ತಿದ್ದರೆ ನನಗೆ ಹೇಳಲಿಕ್ಕೆ ಒಂದು ಕತೆಯಾದರೂ ಆಗುತ್ತಿತ್ತು. ಆಗ ನನಗೆ ಹೊಳೆದದ್ದು ಎಂಥ ಬುದ್ಧಿ ನೋಡಿ. ಈ ಆಟ ಪ್ರತಿ ಹಂಗಾಮಿಗೂ ಒಂದು ಪ್ರತಿ ತೆಗೆದಿಟ್ಟುಕೊಳ್ಳುತ್ತದೆ, ಹಳೆಯದನ್ನು ತೆರೆದರೆ ಆಮೇಲಿನದೆಲ್ಲ ಆಗಿಯೇ ಇಲ್ಲ ಅನ್ನುವ ಹಾಗೆ ಆಗುತ್ತದೆ. ನಾನು ಅವಸರದಿಂದ ಮೌಸ್ ಹಿಡಿದು, ಹುಡುಕಿ, ತೆರೆದೆ. ಸಿಂಹಾಸನ ಹೋಯಿತು. ಕುರಿಗಳೆಲ್ಲ ಬಂದವು. ಕಪ್ಪಿ ಬೇಲಿಯ ಹತ್ತಿರ ಮೇಯುತ್ತಿತ್ತು, ಮೋಟಗಿವಿ ಎಂದಿನಂತೆ ಬಾಗಿಲಿಗೆ ಅಡ್ಡ ಮಲಗಿತ್ತು. ನೋಡು, ಎಲ್ಲ ಬಂದವು ಅಂದೆ. ಬೀರೇಶ ನೋಡಿದ. ಒಂದೊಂದಾಗಿ, ಸಂಜೆ ಬಾಗಿಲಲ್ಲಿ ನಿಂತು ನೋಡುವ ಹಾಗೆಯೇ ನೋಡಿದ. ಆಮೇಲೆ ತಂತಿ ಎಲ್ಲಿದೆ ಅಂತ ಹುಡುಕಿ, ಬಗ್ಗಿ, ಗೋಡೆಯಿಂದ ಕಿತ್ತ.

ಮೂರನೆಯ ದಿನ ಅವನು ಖಾನಾಪುರದ ಕಡೆ ಹೋಗುವ ರೈಲು ಹತ್ತಿದ. ಸ್ಟೇಷನ್ನಿಗೆ ಪ್ರಮಿಳಾ ಹೋಗಿದ್ದಳು. ಕುರಿ ಮಾರಿದ ದುಡ್ಡಿದ್ದ ಬ್ಯಾಂಕಿನ ಪುಸ್ತಕವನ್ನು ಅವನು ನನ್ನ ಅಂಗಿಯ ಕಿಸೆಯಲ್ಲಿ ಇಟ್ಟು ಹೋಗಿದ್ದ. ಕಾಲೇಜಿನಲ್ಲಿ ವಾಚಮನ್ ಕೆಲಸದ ಬಗ್ಗೆ ಕೇಳಿದವರಿಗೆ, ಅವನಿಗೆ ಸರಕಾರದ ಮೇಕೆ-ಕುರಿ ಇಲಾಖೆಯಲ್ಲಿ ಆರ್ಡರು ಬಂತು ಅಂತ ಹೇಳಿದೆ. ಹಾಗೊಂದು ಇಲಾಖೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ದೀಪಾವಳಿಯಾಗಿ ಹದಿನೈದು ದಿನಕ್ಕೆ ನಾನು ಗುಂಜಿಗೆ ಹೋದೆ. ಹಿಂಡುಗಳು ತಿರುಗಿ ಬಂದಿದ್ದವು. ಸ್ಟೇಷನ್ನಿನಿಂದ ಹಟ್ಟಿಗೆ ಒಂದು ಹರದಾರಿ, ಕೆಂಪು ಮಣ್ಣಿನ ದಾರಿ. ನೂರು ಹರದಾರಿಯಷ್ಟು ಆಯಿತು. ಬೀರೇಶ ಸಾತಪ್ಪ ಕಾಕಾನ ಹಿಂಡಿಗೆ ಆಳಾಗಿ ನಿಂತಿದ್ದ. ಆಳಿಗೆ ವರ್ಷದ ಕೊನೆಗೆ ಕೂಲಿಯಾಗಿ ಮರಿ ಕೊಡುವುದು ನಮ್ಮ ಪದ್ಧತಿ. ಎರಡೋ ಮೂರೋ ಕೊಡುತ್ತಾರೆ. ಅವು ಹಿಂಡಾಗಲು ಎಷ್ಟು ವರ್ಷ ಬೇಕು ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಕಂಬಳಿ ಹಾಸಿ ಕುಂದರು ಅಂದ, ಚಹಾ ಕಾಸಿದ. ವೈನಿ ಆರಾಮ ಅದಾಳೇನು ಅಂತ ಪ್ರಮಿಳಾಳ ಬಗ್ಗೆ ಕೇಳಿದ. ಒಂದು ಕಾಲನ್ನು ಇನ್ನೂ ಸ್ವಲ್ಪ ಎಳೆಯುತ್ತಿದ್ದ. ದಾರಿ ಕೇಳಲು ಬಂದವನಿಗೂ ಅವನು ಹೀಗೇ ಚಹಾ ಕೊಡುತ್ತಾನೆ. ನಾನು ರೈಲಿನಲ್ಲಿ ಕೂತು ಮಾತು ಜೋಡಿಸಿಕೊಂಡು ಬಂದಿದ್ದೆ. ಚಹಾದ ಬಸಿ ಕೆಳಗಿಟ್ಟು ಶುರು ಮಾಡಿದೆ. ನನ್ನಂಥ ಪಾಪಿ ಮೂರು ಲೋಕದಲ್ಲಿ ಹುಟ್ಟಿಲ್ಲ ಅಂದೆ. ಆರು ತಿಂಗಳಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ, ಗಂಟಲಲ್ಲಿ ಅನ್ನ ಇಳಿದಿಲ್ಲ, ನಿನ್ನ ಕಾಲಿನ ಧೂಳಿಗೂ ಸಮನಲ್ಲ, ಸಾವಿರ ಕುರಿ ತಂದು ನಿನ್ನ ಹಟ್ಟಿ ತುಂಬದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ ಅಂದೆ. ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿ ಬಂತು. ಕಾಕಾನ ಮನೆಯವರು ಅತ್ತ ಕಡೆ ಕೆಲಸ ಬಿಟ್ಟು ನಿಂತು ಕೇಳುತ್ತಿದ್ದರು, ಅದೂ ನನಗೆ ಗೊತ್ತಿತ್ತು.

ಬೀರೇಶ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದ.

‘ಅಷ್ಟು ಬ್ಯಾಡಣ್ಣ,’ ಅಂದ. ‘ಎಷ್ಟು ಐತಿ, ಅಷ್ಟ ಹೇಳು.’

ನಾನು ಬಾಯಿ ತೆರೆದೆ. ಎಷ್ಟಿದೆ ಅಂತ ನೋಡಿದೆ. ಒಳಗೆ ಏನೋ ಇತ್ತು, ಇಲ್ಲ ಅಂತಲ್ಲ. ಎರಡೇ ಮಾತಿನದು ಇರಬಹುದು, ಅದಕ್ಕಿಂತ ಹೆಚ್ಚಿನದಲ್ಲ. ಅವನು ಕಾಯುತ್ತ ಕೂತಿದ್ದ. ಅವನಿಗೆ ಕಾಯುವುದು ಗೊತ್ತು, ಅದು ಅವನ ಕಸುಬು. ಚಹಾ ಚಲೋ ಆಗೇತಿ ಅಂದೆ.

ಅವನು ಹೂಂ ಅಂದು, ಬಸಿ ತೊಳೆದು ಬೋರಲು ಹಾಕಿ, ಹಿಂಡಿನ ಕಡೆ ಹೊರಟ. ನಾನು ಕಂಬಳಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಸಂಜೆಯ ಗಾಡಿಗೆ ಹೊತ್ತಾಯಿತು ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ ಎದ್ದೆ.